ಸಮಯ ಪೋಲಾಗುತ್ತಿದ್ದುದು ನನ್ನ ಟೇಬಲ್ ಮೇಲೆಯೇ

"ಬೆಳಿಗ್ಗೆಯಿಂದ ರಾತ್ರಿಯವರೆಗೆ ದುಡಿಯುತ್ತೇನೆ, ಆದರೂ ಏನೂ ಮುಗಿದಂತೆ ಅನಿಸುವುದಿಲ್ಲ. ಕಂಪನಿ ನಡೆಸುವವರು ಪೋಲಾಗುವ ಸಮಯವನ್ನು ಕಡಿಮೆ ಮಾಡುವುದು ಹೇಗೆ?" ಅಂತ ಕೇಳಿದ್ದೀರಿ. ನಾನು ಸುಮಾರು 30 ಜನರ ಒಂದು ಸಣ್ಣ ಕಂಪನಿ ನಡೆಸುತ್ತೇನೆ. ಇದೇ ಕಾಯಿಲೆ ನನಗೂ ಇತ್ತು. ಈಗ ಪೂರ್ತಿ ವಾಸಿಯಾಗಿದೆ ಅಂತೇನೂ ಅಲ್ಲ.

ಮೊದಲು ಎರಡು ವಾರ ಬರೆದಿಡಿ. ಇದು ನನ್ನ ಐಡಿಯಾ ಅಲ್ಲ. ಸಮಯ ಎಲ್ಲಿ ಹೋಯಿತು ಅಂತ ನೆನಪನ್ನು ನಂಬಬೇಡಿ, ಆಗಿಂದಾಗಲೇ ಬರೆದಿಡಿ ಅಂತ ಮ್ಯಾನೇಜ್‌ಮೆಂಟ್ ಬಗ್ಗೆ ಪುಸ್ತಕ ಬರೆದ ಪೀಟರ್ ಡ್ರಕರ್ 1967ರಲ್ಲೇ ಹೇಳಿದ್ದರು. ನಾನು ಒಂದು ನೋಟ್‌ಬುಕ್ಕಿನಲ್ಲಿ ಅರ್ಧ ಗಂಟೆಗೊಂದು ಸಾಲು ಬರೆದೆ. ಅದಕ್ಕೆ ಮುಂಚೆ ಯಾರಾದರೂ ಕೇಳಿದ್ದರೆ, "ನನ್ನ ಸಮಯವೆಲ್ಲ ಗ್ರಾಹಕರಿಗೇ ಹೋಗುತ್ತೆ" ಅಂತಿದ್ದೆ. ನೋಟ್‌ಬುಕ್ ಬೇರೆಯೇ ಹೇಳಿತು. ಗ್ರಾಹಕರಿಗೆ ಸಿಕ್ಕಿದ್ದು ವಾರಕ್ಕೆ ನಾಲ್ಕೂವರೆ ಗಂಟೆ. ಉಳಿದದ್ದು ಮೀಟಿಂಗು, ಇಮೇಲು, ಮತ್ತೆ "ಸರ್, ಒಂದೇ ನಿಮಿಷ" ಅಂತ ಬಾಗಿಲು ತಟ್ಟಿದವರಿಗೆ.

ಆದರೆ ದೊಡ್ಡ ಪೋಲು ಆ ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ಅದು ಗೊತ್ತಾಗಿದ್ದು ಒಂದು ಕೊಟೇಶನ್‌ನಿಂದ. ಸೇಲ್ಸ್‌ನ ಹುಡುಗ ಸೋಮವಾರ ಕಳಿಸಿದ್ದ. "ಸರ್, ನೋಡಿದ್ರಾ?" ಅಂತ ದಿನಾ ಕೇಳುತ್ತಿದ್ದ. "ಸಂಜೆ ನೋಡ್ತೀನಪ್ಪ" ಅನ್ನುತ್ತಿದ್ದೆ. ಗುರುವಾರ ತೆರೆದೆ. ನಾಲ್ಕು ಪುಟ ಓದಿ ನಾನು ಬದಲಿಸಿದ್ದು ಒಂದೇ ಪದ, ಕೊನೆಯಲ್ಲಿದ್ದ "ಧನ್ಯವಾದಗಳು" ತೆಗೆದು "ವಂದನೆಗಳು" ಅಂತ ಹಾಕಿದೆ. ಅಷ್ಟೇ. ಅಷ್ಟರಲ್ಲಿ ಗ್ರಾಹಕರು ಬೇರೆಯವರ ಜೊತೆ ಮಾತು ಮುಗಿಸಿದ್ದರು.

ನನ್ನ ಲೆಕ್ಕದಲ್ಲಿ ಆ ಕೆಲಸಕ್ಕೆ ಹಿಡಿದದ್ದು ಐದು ನಿಮಿಷ. ಅವನ ಲೆಕ್ಕದಲ್ಲಿ ನಾಲ್ಕು ದಿನ. ಯಜಮಾನ ಸಮಯ ಉಳಿಸಬೇಕು ಅಂದಾಗ ಎಲ್ಲರೂ ಯಜಮಾನನ ಗಡಿಯಾರವನ್ನೇ ನೋಡುತ್ತಾರೆ. ಅವನ ಒಂದು "ಸರಿ"ಗಾಗಿ ಕಾದು ಕೂತವರ ಗಡಿಯಾರವನ್ನು ಯಾರೂ ನೋಡುವುದಿಲ್ಲ.

ಅಮೆಜಾನ್‌ನ ಜೆಫ್ ಬೆಜೋಸ್ ಷೇರುದಾರರಿಗೆ ಬರೆದ 2015ರ ಪತ್ರದಲ್ಲಿ ಒಂದು ಹೋಲಿಕೆ ಇದೆ. ಕೆಲವು ನಿರ್ಧಾರಗಳು ಒಂದೇ ಕಡೆ ತೆರೆಯುವ ಬಾಗಿಲು, ದಾಟಿದರೆ ವಾಪಸ್ ಬರಲಾಗದು. ಹೆಚ್ಚಿನವು ಹಾಗಲ್ಲ, ತಪ್ಪಾದರೆ ಹಿಂದಕ್ಕೆ ಬರಬಹುದು. ನಾನು ಎರಡಕ್ಕೂ ಒಂದೇ ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ! ಆಮೇಲೆ ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕೊಟ್ಟೆ: ಹಳೇ ಗ್ರಾಹಕರು, ಮೊದಲೇ ಒಪ್ಪಿದ ದರ, ಇಂತಿಷ್ಟು ಮೊತ್ತದ ಒಳಗೆ ಇದ್ದರೆ ನನ್ನನ್ನು ಕೇಳಬೇಡಿ, ಕಳಿಸಿ, ನನಗೊಂದು ಪ್ರತಿ ಹಾಕಿ ಸಾಕು. ಜನರನ್ನು ಸೇರಿಸಿಕೊಳ್ಳುವುದು, ದೊಡ್ಡ ಸಾಲ, ವರ್ಷಗಟ್ಟಲೆಯ ಒಪ್ಪಂದ, ಇವಿಷ್ಟು ನನ್ನ ಹತ್ತಿರವೇ ಉಳಿದವು.

ಮೊದಲ ತಿಂಗಳೇ ಒಬ್ಬರು ಜಾಸ್ತಿ ರಿಯಾಯಿತಿ ಕೊಟ್ಟುಬಿಟ್ಟರು. ಹಾಳೆ ವಾಪಸ್ ತಗೊಂಡುಬಿಡೋಣ ಅಂತ ಕೈ ತುರಿಸಿತು, ಸುಳ್ಳು ಯಾಕೆ ಹೇಳಲಿ. ಆ ನಷ್ಟವನ್ನೂ ಕೈತಪ್ಪಿದ ಆ ಕೊಟೇಶನ್ನನ್ನೂ ಪಕ್ಕಪಕ್ಕ ಇಟ್ಟು ಲೆಕ್ಕ ಹಾಕಿ ಸುಮ್ಮನಾದೆ.

ಇನ್ನು ಮೀಟಿಂಗ್. ಎಂಟು ಜನ ಒಂದು ಗಂಟೆ ಕೂತರೆ ಖರ್ಚಾಗುವುದು ಒಂದು ಗಂಟೆ ಅಲ್ಲ, ಎಂಟು ಗಂಟೆ. ವಾರಕ್ಕೊಂದರಂತೆ ವರ್ಷಕ್ಕೆ 50 ಆದರೆ 400 ಗಂಟೆ. ವಾರಕ್ಕೆ 40 ಗಂಟೆಯ ಲೆಕ್ಕದಲ್ಲಿ ಒಬ್ಬರ ಹತ್ತು ವಾರದ ದುಡಿಮೆ. ಕೊಟ್ಟಷ್ಟೂ ಸಮಯವನ್ನು ಕೆಲಸ ತಿಂದುಹಾಕುತ್ತದೆ ಅಂತ ಬ್ರಿಟಿಷ್ ಲೇಖಕ ಪಾರ್ಕಿನ್ಸನ್ 1955ರಲ್ಲಿ ಬರೆದದ್ದು ತಮಾಷೆಯ ಧಾಟಿಯಲ್ಲಿ. ನಮ್ಮ ವಾರದ ಮೀಟಿಂಗ್ ನೋಡಿದ್ದರೆ ಅವರಿಗೆ ಇನ್ನೊಂದು ಲೇಖನವೇ ಸಿಗುತ್ತಿತ್ತೇನೋ. ನಾವು ಅದನ್ನು 25 ನಿಮಿಷಕ್ಕೆ ಇಳಿಸಿದೆವು. ವಿಷಯವನ್ನು ಒಂದು ಪುಟದಲ್ಲಿ ಬರೆದು ತರಬೇಕು, ಮೊದಲ ಐದು ನಿಮಿಷ ಎಲ್ಲರೂ ಸುಮ್ನೆ ಓದಬೇಕು. ಬರೆಯಲು ಬೇಜಾರಾಗಿ ಅರ್ಧ ಮೀಟಿಂಗ್‌ಗಳು ತಾವಾಗಿಯೇ ನಿಂತವು. ನಿಂತುಕೊಂಡೇ ಮೀಟಿಂಗ್ ಮಾಡಿಯೂ ನೋಡಿದೆವು. ಕಾಲು ನೋವು ಬಂತು, ಮಾತೇನೂ ಕಡಿಮೆ ಆಗಲಿಲ್ಲ.

"ಒಂದೇ ನಿಮಿಷ"ದವರಿಗೆ ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ ಬಾಗಿಲು ತೆರೆದಿಡುತ್ತೇನೆ. ಬೆಂಕಿ ಬಿದ್ದಿದ್ದರೆ ಮಾತ್ರ ಬೇರೆ ಹೊತ್ತಿನಲ್ಲಿ ಬರಬಹುದು. ಆ್ಯಪ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೂರು ಹಾಕಿಕೊಂಡಿದ್ದೆ, ಅವುಗಳನ್ನು ಸಾಕುವುದೇ ಒಂದು ಕೆಲಸವಾಯಿತು. ಸಿಬ್ಬಂದಿಯ ಸ್ಕ್ರೀನ್ ಮೇಲೆ ಕಣ್ಣಿಡುವ ಸಾಫ್ಟ್‌ವೇರ್ ಅಂತೂ ಬೇಡವೇ ಬೇಡ. ಅದು ಹಾಕಿದರೆ ಜನ ಕೆಲಸ ಮಾಡುವುದನ್ನಲ್ಲ, ಮೌಸ್ ಅಲ್ಲಾಡಿಸುವುದನ್ನು ಕಲಿಯುತ್ತಾರೆ.

ನಾಳೆ ಆಫೀಸಿಗೆ ಹೋದ ಕೂಡಲೇ ಪ್ರತಿಯೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿ: "ನನ್ನಿಂದಾಗಿ ನಿಂತಿರುವ ನಿಮ್ಮ ಕೆಲಸ ಯಾವುದು?" ಮೊದಲು ಯಾರೂ ಬಾಯಿ ಬಿಡುವುದಿಲ್ಲ, ಸಂಕೋಚ ಇರುತ್ತೆ ಅಲ್ವಾ. ಎರಡನೇ ಸಲ ಕೇಳಿ. ನಾನು ಕೇಳಿದಾಗ 17 ಬಂದವು. ಅದರಲ್ಲೊಂದು ರಜೆಯ ಅರ್ಜಿ. ಆ ರಜೆಯ ದಿನ ಕಳೆದು ಆಗಲೇ ಒಂದು ವಾರವಾಗಿತ್ತು.