ಶಿರಸಿಯ ಐಸಿಯುವಿನಿಂದ ಇಂಗ್ಲೆಂಡಿನ ಸಿಸಿಯುಗೆ ಬರುವ ತಂಗಿಗೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಶಿರಸಿಯಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಕ್ಯಾತ್ ಲ್ಯಾಬ್ (ಆಂಜಿಯೋಪ್ಲಾಸ್ಟಿ ಮಾಡುವ ಕೋಣೆ) ಇಲ್ಲ, ಇಂಗ್ಲೆಂಡಿನ ಹೃದ್ರೋಗ ಘಟಕದಲ್ಲಿ ನನ್ನನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ, ತರಬೇತಿ ಕೊಡುತ್ತಾರಾ, ಒಬ್ಬಳೇ ಇರಲು ಆಗುತ್ತದಾ ಅಂತ ಕೇಳಿದ್ದೀಯ. ನಾನು ಕುಮಟಾದವಳು, ಇಲ್ಲಿ ಸಿಸಿಯುನಲ್ಲೇ, ಅಂದರೆ ಹೃದ್ರೋಗಿಗಳ ತೀವ್ರ ನಿಗಾ ಘಟಕದಲ್ಲೇ, ನರ್ಸಾಗಿದ್ದೇನೆ. ನಿನ್ನ ಹೆದರಿಕೆ ಎಲ್ಲ ಮೊದಲನೇ ಪ್ರಶ್ನೆಯಲ್ಲಿದೆ, ಅದಕ್ಕೇ ಮೊದಲು ಉತ್ತರಿಸುತ್ತೇನೆ.

ರಾತ್ರಿ ಎದೆನೋವು ಅಂತ ಬಂದವರಿಗೆ ಇಸಿಜಿ ತೆಗೆದು, ಅದರಲ್ಲಿ ಹೃದಯಾಘಾತದ ಗುರುತಾದ ಎಸ್‌ಟಿ ಭಾಗ ಏರಿದ್ದು ಕಂಡು, ಡಾಕ್ಟರು ಬರೆದಂತೆ ತೂಕ ನೋಡಿ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಟ್ಟು, ಹುಬ್ಬಳ್ಳಿಗೋ ಮಣಿಪಾಲಕ್ಕೋ ಆಂಬುಲೆನ್ಸ್ ಹತ್ತಿಸಿದವಳು ನೀನು. ಕಾರವಾರದವರು ಗೋವೆಗೆ ಓಡುತ್ತಾರೆ, ಘಟ್ಟದ ಮೇಲಿನವರು ಹುಬ್ಬಳ್ಳಿಗೆ. ನಮ್ಮ ಜಿಲ್ಲೆಯ ಈ ಸಂಕಟ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಇಲ್ಲಿ ಪ್ಯಾರಾಮೆಡಿಕ್ ರೋಗಿಯ ಮನೆಯಲ್ಲೇ ಇಸಿಜಿ ತೆಗೆದು, ಹತ್ತಿರದ ಸಣ್ಣ ಆಸ್ಪತ್ರೆ ಬಿಟ್ಟು, ನೇರವಾಗಿ ಆಂಜಿಯೋಪ್ಲಾಸ್ಟಿ ಮಾಡುವಲ್ಲಿಗೆ ತರುತ್ತಾರೆ. ಕರಗಿಸುವ ಇಂಜೆಕ್ಷನ್ ಕೊಡಬಹುದಾಗಿದ್ದ ಹೊತ್ತಿನಿಂದ 120 ನಿಮಿಷದೊಳಗೆ ರಕ್ತನಾಳ ತೆರೆಯಲು ಆಗುವುದಾದರೆ ಆಂಜಿಯೋಪ್ಲಾಸ್ಟಿಯೇ ಆಗಬೇಕು ಅನ್ನುವುದು ಇಲ್ಲಿನ ಮಾರ್ಗಸೂಚಿ. ಹಾಗಾಗಿ ಹೃದಯಾಘಾತಕ್ಕೆ ಆ ಇಂಜೆಕ್ಷನ್ ಕೊಡುವುದನ್ನು ಇಲ್ಲಿನ ಎಷ್ಟೋ ಕಿರಿಯ ನರ್ಸುಗಳು ಕಣ್ಣಾರೆ ನೋಡಿಲ್ಲ. ಗಡ್ಡೆ ಕರಗಿ ರಕ್ತ ಹರಿಯತೊಡಗಿದಾಗ ಮಾನಿಟರಿನಲ್ಲಿ ಅಗಲ ಅಲೆಗಳ (ಕ್ಯೂಆರ್‌ಎಸ್) ನಿಧಾನ ಲಯವೊಂದು ಬಂದು ಹೋಗುತ್ತದಲ್ಲ, ಅದಕ್ಕೆ ಗಾಬರಿಯಾಗದೆ ಬಿಪಿ ನೋಡುತ್ತ ನಿಂತ ಅನುಭವ ನಿನಗಿದೆ. ಯಾವ ವಾರ್ಡು ಬೇಕು ಅಂತ ಮ್ಯಾನೇಜರ್ ಕೇಳಿದಾಗ ಇದನ್ನೇ ಹೇಳು, ಮುಚ್ಚಿಡಬೇಡ.

ಹೊಸದು ಅಂದರೆ ಆಂಜಿಯೋಪ್ಲಾಸ್ಟಿ ಆದ ಮೇಲಿನ ಆರೈಕೆ. ಹೆಚ್ಚಿನವರಿಗೆ ಮಣಿಕಟ್ಟಿನಿಂದಲೇ ಮಾಡಿರುತ್ತಾರೆ, ಅಲ್ಲಿ ಗಾಳಿ ತುಂಬಿದ ಪಾರದರ್ಶಕ ಬ್ಯಾಂಡ್ ಕಟ್ಟಿರುತ್ತದೆ. ಸಿರಿಂಜಿನಲ್ಲಿ ಎರಡು ಮೂರು ಎಂಎಲ್‌ನಂತೆ ಗಾಳಿ ತೆಗೆಯುತ್ತ ಹೋಗಬೇಕು. ರಕ್ತ ಒಸರಿತೋ, ತೆಗೆದಷ್ಟನ್ನು ಕೂಡಲೇ ವಾಪಸ್ ತುಂಬಬೇಕು. ಬೆರಳು ಬಿಳಿಚಿದೆಯಾ, ಮುಂಗೈ ಬಾತು ಗಟ್ಟಿಯಾಗಿದೆಯಾ ಅಂತ ಪ್ರತಿ ಸಲ ಮುಟ್ಟಿ ನೋಡು. ಇನ್ನೊಂದು, ಅಲಾರಂ ಹೊಡೆದರೆ ಪರದೆಗಿಂತ ಮೊದಲು ರೋಗಿಯ ಮುಖ ನೋಡು. ಬೆಳಿಗ್ಗೆ ಹಲ್ಲುಜ್ಜುವವರ ಕೈ ಅಲುಗಾಟಕ್ಕೆ ಮಾನಿಟರಿನ ಗೆರೆ ಥೇಟ್ ವಿಟಿ ಅನ್ನುವ ಅಪಾಯದ ವೇಗದ ಲಯದ ತರಹವೇ ಕಾಣುತ್ತದೆ.

ಇದೆಲ್ಲ ಕೆಲವು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಕಷ್ಟ ಆಗುವುದು ಬಾಯಿ ತೆರೆಯುವುದು. ಡಾಕ್ಟರು ರೌಂಡ್ಸಿಗೆ ಬಂದಾಗ ಹೇಳಿದರಾಯಿತು ಅಂತ ಕಾಯುವುದು ನಮ್ಮಲ್ಲಿ ರೂಢಿ. ಇಲ್ಲಿ ಹಾಗೆ ಕಾದರೆ ತಪ್ಪು ನಿನ್ನದೇ. ಉಸಿರು, ನಾಡಿ, ಬಿಪಿ ಎಲ್ಲ ಸೇರಿಸಿ ನ್ಯೂಸ್-2 ಅನ್ನುವ ಅಂಕ ಹಾಕುತ್ತೇವೆ. ಅದು 5 ಆದರೆ ತುರ್ತಾಗಿ ಹೇಳಬೇಕು, 7 ಅಥವಾ ಅದಕ್ಕಿಂತ ಹೆಚ್ಚಾದರೆ ತಡವೇ ಮಾಡಬಾರದು. "ಪೊಟ್ಯಾಸಿಯಂ 2.9ಕ್ಕೆ ಇಳಿದಿದೆ, ಎಕ್ಟೋಪಿಕ್ (ಲಯ ತಪ್ಪಿದ ಬಡಿತ) ಜಾಸ್ತಿಯಾಗಿದೆ, ನೀವು ಈಗಲೇ ಬಂದು ನೋಡಬೇಕು" ಅಂತ ಫೋನಿನಲ್ಲಿ ನೇರವಾಗಿ ಹೇಳುವುದನ್ನು ಈಗಿಂದಲೇ ರೂಢಿಸಿಕೋ. ಸೀನಿಯರ್ ಡಾಕ್ಟರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಮೊದಮೊದಲು ನಾಲಿಗೆ ಏಳುವುದಿಲ್ಲ. ಹೃದಯ ನಿಂತರೆ ಆಸ್ಪತ್ರೆಯೊಳಗಿನ ತುರ್ತು ನಂಬರ್ 2222 ಒತ್ತುವುದಕ್ಕೆ ಯಾರ ಅಪ್ಪಣೆಯೂ ಬೇಡ.

ತರಬೇತಿ ಕೊಡುತ್ತಾರೆ, ಚೆನ್ನಾಗಿಯೇ ಕೊಡುತ್ತಾರೆ. ಮೊದಲು ಆಸ್ಕಿ ಅನ್ನುವ, ಕೆಲಸ ಮಾಡಿ ತೋರಿಸುವ ಪರೀಕ್ಷೆ, 10 ಸ್ಟೇಷನ್. ಪಾಸಾಗಿ ರಿಜಿಸ್ಟ್ರೇಷನ್ ನಂಬರ್ ಸಿಕ್ಕಿದ ಮೇಲೆ ಬ್ಯಾಂಡ್ 5 ಅನ್ನುವ ಸಂಬಳದ ದರ್ಜೆ. ಊರಿನಲ್ಲಿ ಎಷ್ಟು ವರ್ಷ ಮಾಡಿದ್ದರೂ ಸಾಮಾನ್ಯವಾಗಿ ಅಲ್ಲಿಂದಲೇ ಶುರು, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಶುರುವಿನ ವಾರಗಳಲ್ಲಿ ಪಾಳಿಯ ನರ್ಸುಗಳ ಲೆಕ್ಕಕ್ಕೆ ಹೊರತಾಗಿ ಇನ್ನೊಬ್ಬ ನರ್ಸಿನ ಜೊತೆ ಇರುತ್ತೀಯ, ಒಂದೊಂದೇ ಕೌಶಲಕ್ಕೆ ಸಹಿ ಹಾಕಿಸಿಕೊಳ್ಳುತ್ತೀಯ. ಆಮೇಲೆ ಹೃದಯ ನಿಂತವರನ್ನು ಉಳಿಸುವುದು ಕಲಿಸುವ ಎಎಲ್‌ಎಸ್ ಕೋರ್ಸು, ವಿಶ್ವವಿದ್ಯಾಲಯದ ಹೃದ್ರೋಗ ಆರೈಕೆಯ ಮಾಡ್ಯೂಲು. ಇವು ತಾವಾಗಿ ಮನೆಬಾಗಿಲಿಗೆ ಬರುವುದಿಲ್ಲ, ಕೇಳಿ ಹೆಸರು ಬರೆಸಬೇಕು. ಬ್ಯಾಂಡ್ 6 ಕೂಡ ಸರ್ವಿಸ್ ನೋಡಿ ಕೊಡುವುದಲ್ಲ, ಅರ್ಜಿ ಹಾಕಿ ಇಂಟರ್‌ವ್ಯೂ ಎದುರಿಸಬೇಕು. ಬರುವ ಮೊದಲು 12 ಲೀಡ್ ಇಸಿಜಿ ಓದುವುದನ್ನು ಗಟ್ಟಿ ಮಾಡಿಕೋ, ವಾರ್ಡಿನ ಕೆಲಸಕ್ಕೆ ಅಷ್ಟು ಸಾಕು.

ಒಬ್ಬಳೇ ಇರುವುದು ಕಷ್ಟ, ಸುಳ್ಳು ಹೇಳುವುದಿಲ್ಲ. ಹನ್ನೆರಡು ತಾಸಿನ ಪಾಳಿ, ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೇ ಕತ್ತಲು. ರಾತ್ರಿ ರೋಗಿಯ ಹತ್ತಿರ ಮನೆಯವರು ಸಾಮಾನ್ಯವಾಗಿ ಇರುವುದಿಲ್ಲ, ಮೈ ಒರೆಸುವುದು, ಬೆಡ್‌ಪ್ಯಾನ್, ಸಮಾಧಾನದ ಎರಡು ಮಾತು, ಎಲ್ಲ ನಮ್ಮದೇ. ನನಗೆ ಈ ಕೆಲಸದಲ್ಲಿ ಅತ್ಯಂತ ಪ್ರೀತಿಯ ಭಾಗವೂ ಅದೇ. ಹೆದರಿದವರು ಕೈ ಹಿಡಿದುಕೊಂಡರೆ ಬಿಡಿಸಿಕೊಳ್ಳಲು ಮನಸ್ಸು ಬರುವುದಿಲ್ಲ. ಊಟದ ಚಿಂತೆ ಬೇಡ, ಕೇರಳದ ನರ್ಸುಗಳು ಎಲ್ಲ ಕಡೆ ಇರುವುದರಿಂದ ಕುಚ್ಚಲಕ್ಕಿ ಅಂಗಡಿಯಲ್ಲೇ ಸಿಗುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಮಾತ್ರ ಮನೆಯಿಂದ ತಾ.

ಏಜೆಂಟ್ ಕೆಲಸ ಕೊಡಿಸಲು ದುಡ್ಡು ಕೇಳಿದರೆ ಕೊಡಬೇಡ. ನರ್ಸುಗಳ ಹತ್ತಿರ ನೇಮಕಾತಿ ಶುಲ್ಕ ವಸೂಲಿ ಮಾಡಬಾರದು ಅಂತ ಇಲ್ಲಿನ ಸರ್ಕಾರದ ನಿಯಮವೇ ಇದೆ. ಕರಾರಿನಲ್ಲಿ, ಮಧ್ಯೆ ಕೆಲಸ ಬಿಟ್ಟರೆ ಎಷ್ಟು ಹಣ ಹಿಂತಿರುಗಿಸಬೇಕು ಅನ್ನುವ ಸಾಲನ್ನು ಓದಿಯೇ ಸಹಿ ಹಾಕು. ಅನುಭವ ಪತ್ರವನ್ನು ರಾಜೀನಾಮೆ ಕೊಡುವ ಹೊತ್ತಿನಲ್ಲೇ ಕೈಗೆ ತಗೋ, ಅದರಲ್ಲಿ ಐಸಿಯು ಅಂತ ಸ್ಪಷ್ಟವಾಗಿ ಬರೆಸು. ಯಾವ ಊರಿನ ಆಸ್ಪತ್ರೆ ಅಂತ ಗೊತ್ತಾದ ಮೇಲೆ ತಿಳಿಸು, ಅಲ್ಲಿ ನಮ್ಮ ಕಡೆಯವರು ಯಾರಿದ್ದಾರೆ ಅಂತ ವಿಚಾರಿಸಿ ಹೇಳುತ್ತೇನೆ.