ಡಯಾಬಿಟಿಸ್ ಇರುವವರು ಶುಗರ್ ಲೋ ಆದಾಗ ತಿನ್ನಲು ಯಾವ ಎನರ್ಜಿ ಜೆಲ್ ಒಳ್ಳೆಯದು?

ನಾನೂ ಇದೇ ಪ್ರಶ್ನೆ ಕೇಳುತ್ತಿದ್ದೆ. ಟೈಪ್ 1 ಇದೆ, ದೂರ ಓಡುವ ಹುಚ್ಚೂ ಇದೆ. ಜೇಬಿನಲ್ಲಿ ಹೇಗೂ ಜೆಲ್ (ಓಡುವಾಗ ಶಕ್ತಿಗೆಂದು ಹಿಂಡಿ ತಿನ್ನುವ ಸಿಹಿ ಪೊಟ್ಟಣ) ಇರುತ್ತದೆ, ಲೋ ಆದರೆ ಅದನ್ನೇ ತಿಂದರಾಯಿತು ಅಂದುಕೊಂಡಿದ್ದೆ.

ಒಂದು ದಿನ ಓಡುತ್ತಿರುವಾಗ ಕೈ ನಡುಗತೊಡಗಿತು. ಮೀಟರ್‌ನಲ್ಲಿ 58. ಜೆಲ್ ಹಿಂಡಿಕೊಂಡು ತಿಂದೆ. 15 ನಿಮಿಷ ಬಿಟ್ಟು ನೋಡಿದರೆ 55. ಗಾಬರಿಯಾಗಿ ಇನ್ನೊಂದು, ಅದರ ಹಿಂದೆಯೇ ಮತ್ತೊಂದು. ಬೆವರು ನಿಲ್ಲಲಿಲ್ಲ, ಮಾತು ತೊದಲಿತು. ಜೊತೆಗಿದ್ದವರು ಹಣ್ಣಿನ ರಸ ಕುಡಿಸಿದ ಮೇಲೆ ಚೇತರಿಸಿಕೊಂಡೆ. ಸಂಜೆ ಹೊತ್ತಿಗೆ ಶುಗರ್ 300 ದಾಟಿತ್ತು!

ಎಡವಿದ್ದು ಎಲ್ಲಿ ಗೊತ್ತಾ? ಪೊಟ್ಟಣದ ಮೇಲೆ ಕಾರ್ಬೋಹೈಡ್ರೇಟ್ ಎಷ್ಟು ಗ್ರಾಂ ಅಂತ ನೋಡಿದ್ದೆ, ಅದು ಯಾವ ಸಕ್ಕರೆ ಅಂತ ನೋಡಿರಲಿಲ್ಲ. ಅದರಲ್ಲಿ ಇದ್ದದ್ದು ಐಸೊಮಾಲ್ಟುಲೋಸ್. ಅದು ಕರುಳಿನಲ್ಲಿ ನಿಧಾನವಾಗಿ ಒಡೆಯುತ್ತದೆ. ಓಡುವವರಿಗೆ ಬೇಕಾದದ್ದೇ ಅದು, ತುಂಬಾ ಹೊತ್ತು ಶಕ್ತಿ ಸಿಗಲಿ ಅಂತ. ಲೋ ಆದವರಿಗೆ ಅದೇ ಅಪಾಯ. ತಿಂದದ್ದೆಲ್ಲ ತಡವಾಗಿ ಒಟ್ಟಿಗೆ ರಕ್ತಕ್ಕೆ ಬಂತು, ಅದಕ್ಕೇ ಆ 300.

ಬೇರೆ ಜೆಲ್‌ಗಳೂ ಅಷ್ಟೇ, ಹಿಂದಿನ ಸಣ್ಣ ಅಕ್ಷರ ಓದದೆ ನಂಬಬೇಡಿ. ಬಹಳಷ್ಟರಲ್ಲಿ ಮಾಲ್ಟೋಡೆಕ್ಸ್‌ಟ್ರಿನ್ ಜೊತೆ ಫ್ರಕ್ಟೋಸ್ ಇರುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಬೇಗ ಗ್ಲೂಕೋಸ್ ಆಗುತ್ತದೆ. ಫ್ರಕ್ಟೋಸ್ ಮೊದಲು ಲಿವರ್ ದಾಟಬೇಕು, ತಕ್ಷಣಕ್ಕೆ ಶುಗರ್ ಏರಿಸುವುದು ಕಡಿಮೆ. ಪೊಟ್ಟಣದಲ್ಲಿ 25 ಗ್ರಾಂ ಅಂತಿದ್ದರೂ ಅಷ್ಟೂ ಆ ಕ್ಷಣದ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಯಾವ ಜೆಲ್ ಅನ್ನುವ ಪ್ರಶ್ನೆಯನ್ನೇ ಬಿಡಿ. ಜೆಲ್ ಇರುವುದು ಶುಗರ್ ಬೀಳದಂತೆ ನೋಡಿಕೊಳ್ಳಲು, ಓಟದ ಮಧ್ಯೆ. ಬಿದ್ದ ಮೇಲೆ ಬೇಕಾದದ್ದು ಗ್ಲೂಕೋಸ್ ಮಾತ್ರೆ. ಸಾಮಾನ್ಯವಾಗಿ ಒಂದರಲ್ಲಿ 4 ಗ್ರಾಂ ಇರುತ್ತದೆ. 70ಕ್ಕಿಂತ ಕೆಳಗೆ ಹೋದರೆ ನಾಲ್ಕು ಅಗಿದು ತಿನ್ನಿ, ಓಟ ನಿಲ್ಲಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷೆ ಮಾಡಿ. ಏರಿಲ್ಲವೆಂದರೆ ಮತ್ತೆ ಅಷ್ಟೇ ತಿನ್ನಿ. ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಗ್ಲೂಕೋಸೇ ಆಗಬೇಕು. ಬೇರೆ ಸಕ್ಕರೆ ಒಡೆಯುವುದನ್ನು ಆ ಔಷಧಿ ತಡೆಯುತ್ತದೆ.

ಜೇಬಿನಲ್ಲಿ ಜೆಲ್ ಬಿಟ್ಟು ಬೇರೇನೂ ಇಲ್ಲವಾದರೆ ಅದನ್ನೇ ತಿನ್ನಿ, ಸುಮ್ನೆ ಕಾಯಬೇಡಿ. ಆದರೆ ಬಾಯಲ್ಲಿ ಇಟ್ಟುಕೊಂಡರೆ ಸಾಲದು, ನುಂಗಬೇಕು. ಜೊತೆಗೆ ಓಡುವವರಿಗೆ ಇದನ್ನು ಈಗಲೇ ಹೇಳಿಡಿ: ನಿಮಗೆ ಪ್ರಜ್ಞೆ ತಪ್ಪಿದರೆ ಬಾಯಿಗೆ ಜೆಲ್ ಹಿಂಡಬಾರದು, ಉಸಿರುಗಟ್ಟುತ್ತದೆ. ಗ್ಲುಕಗಾನ್ (ಶುಗರ್ ಏರಿಸುವ ತುರ್ತು ಔಷಧಿ) ಇದ್ದರೆ ಕೊಡಬೇಕು, ತಕ್ಷಣ ಆಂಬುಲೆನ್ಸ್ ಕರೆಯಬೇಕು.