ಒಂದೇ ಗೋಡೆ ಮೇಲೆ ಅಷ್ಟೊಂದು ಅರ್ಧರ್ಧ ಮುಖ ಯಾಕೆ?

ಪ್ರಶ್ನೆ: ರೋಮ್‌ನ ಸಾಂತಾ ಮರಿಯಾ ಆಂತಿಕ್ವಾ ಚರ್ಚಿನ ಗೋಡೆಯ ಫೋಟೋ ನೋಡಿದೆ. ಒಂದು ಕಡೆ ರಾಣಿ ಥರ ಕೂತ ಮೇರಿ, ಪಕ್ಕದಲ್ಲೇ ಅರ್ಧ ಮುಖದ ದೇವದೂತ, ಅದರ ಮೇಲೆ ಇನ್ಯಾರೋ ಸಂತರು. ಏನಿದು ಕಲಸುಮೇಲೋಗರ? ಅದೂ ರೋಮ್‌ನಲ್ಲಿದ್ದು ಬೈಜಾಂಟೈನ್ ಅಂತಾರಲ್ಲ, ಹೇಗೆ?

ಉತ್ತರ: ನೀವು ನೋಡಿದ್ದು ಒಂದು ಚಿತ್ರ ಅಲ್ಲ, ಒಂದರ ಮೇಲೊಂದು ಬಳಿದ ಕನಿಷ್ಠ ನಾಲ್ಕು ಪದರ. ಫ್ರೆಸ್ಕೋ ಅಂದ್ರೆ ಸುಣ್ಣದ ಗಾರೆ ಇನ್ನೂ ಹಸಿ ಇರುವಾಗಲೇ ಬಣ್ಣ ಹಚ್ಚಬೇಕು, ಸುಣ್ಣ ಗಾಳಿಯಲ್ಲಿರೋ ಕಾರ್ಬನ್ ಡೈಆಕ್ಸೈಡ್ ಹೀರ್ಕೊಂಡು ಗಟ್ಟಿಯಾಗ್ತಾ ಬಣ್ಣಾನ ತನ್ನೊಳಗೇ ಹಿಡ್ಕೊಂಡುಬಿಡುತ್ತೆ, ಆಮೇಲೆ ಒರೆಸಿದ್ರೂ ಹೋಗಲ್ಲ. ಹಾಗಾಗಿ ಹೊಸ ಚಿತ್ರ ಬೇಕು ಅಂದ್ರೆ ಹಳೇದನ್ನ ಪೂರ್ತಿ ಕೆರೆಯೋ ಗೋಜಿಗೆ ಯಾರು ಹೋಗ್ತಾರೆ, ಅದರ ಮೇಲೇ ಕಚ್ಚು ಹೊಡೆದು ಹೊಸ ಗಾರೆ ಮೆತ್ತಿದ್ರೆ ಆಯ್ತು. ಶತಮಾನಗಳು ಕಳೆದ ಮೇಲೆ ಆ ಗಾರೆ ಅಲ್ಲಲ್ಲಿ ಉದುರಿದೆ, ಒಂದೊಂದು ಕಡೆ ಒಂದೊಂದು ಕಾಲ ಇಣುಕ್ತಿದೆ, ಅಷ್ಟೇ.

ಎಲ್ಲಕ್ಕಿಂತ ಕೆಳಗಿರೋದು 6ನೇ ಶತಮಾನದ ಮೇರಿ. ಕಿರೀಟ, ಮುತ್ತು, ರತ್ನ ಎಲ್ಲಾ ಹೇರ್ಕೊಂಡು ಥೇಟ್ ಚಕ್ರವರ್ತಿನಿ ಥರ ನೆಟ್ಟಗೆ ಕೂತಿದಾಳೆ. ಅದರ ಮೇಲಿನ ದೇವದೂತನ್ನ ನೋಡಿ, ಗಟ್ಟಿ ಗೆರೇನೇ ಇಲ್ಲ, ಕೆನ್ನೆ ಮೇಲೆ ನೆರಳು-ಬೆಳಕು ನಾಕೇ ಬೀಸಲ್ಲಿ ಮುಗಿಸಿದ ಹಾಗಿದೆ. ನನ್ನ ಕೇಳಿದ್ರೆ ಆ ಗೋಡೆಯಲ್ಲಿ ಅದನ್ನ ಮೀರಿಸೋದು ಇನ್ನೊಂದಿಲ್ಲ, ಮೇರಿಯ ಒಡವೆಗಳೂ ಸಪ್ಪೆ ಅನ್ಸುತ್ತೆ. ಆಮೇಲಿನ ಸಂತರ ಕೈಯಲ್ಲಿ ಗ್ರೀಕ್ ಬರಹದ ಸುರುಳಿಗಳಿವೆ, ಅವು 649ರಲ್ಲಿ ರೋಮ್‌ನಲ್ಲೇ ನಡೆದ ಲ್ಯಾಟರನ್ ಧರ್ಮಸಭೆಯಲ್ಲಿ ಓದಿದ ಮಾತುಗಳು, ಅಂದ್ರೆ ಆ ಪದರ ಅದಕ್ಕಿಂತ ಹಿಂದಿನದಾಗೋಕೆ ಸಾಧ್ಯ ಇಲ್ಲ. ಕೊನೆಗೆ ಪೋಪ್ 7ನೇ ಜಾನ್ (705-707) ಬಂದು ಮತ್ತೆ ಬರೆಸಿದ.

ಈ ಜಾನ್ ಗ್ರೀಕ್ ಮೂಲದವನು, ಇವನಪ್ಪ ಅಲ್ಲೇ ಮೇಲಿರೋ ಪ್ಯಾಲಟೈನ್ ಗುಡ್ಡದ ಅರಮನೆ ನೋಡ್ಕೊಳ್ತಿದ್ದ ಬೈಜಾಂಟೈನ್ ಅಧಿಕಾರಿ. ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದ್ರಲ್ಲೇ ಇದೆ: 6ನೇ ಶತಮಾನದಿಂದ 8ನೇ ಶತಮಾನದವರೆಗೆ ರೋಮ್ ಇದ್ದದ್ದೇ ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ಚಕ್ರವರ್ತಿ ಕೈಕೆಳಗೆ. ಮಜಾ ಏನಂದ್ರೆ ಆ ರಾಜಧಾನಿಯಲ್ಲೇ 8-9ನೇ ಶತಮಾನದಲ್ಲಿ ಮೂರ್ತಿ-ಚಿತ್ರ ಬೇಡ ಅನ್ನೋರು ಅಧಿಕಾರದಲ್ಲಿದ್ದು ಎಷ್ಟೋ ಹಳೇ ಚಿತ್ರ ಹಾಳಾದ್ವು, ಅದಕ್ಕೇ ಆ ಕಾಲದ ಕಲೆ ನೋಡೋಕೆ ರೋಮ್‌ಗೆ ಹೋಗೋ ಹಾಗಾಗಿದೆ.

ಇವು ಉಳಿದದ್ದೂ ಅನಾಹುತದಿಂದಾನೇ. 847ರ ಭೂಕಂಪದಲ್ಲಿ ಚರ್ಚ್ ಮಣ್ಣಡಿ ಹೋಯ್ತು, ಅದರ ಮೇಲೆ ಇನ್ನೊಂದು ಚರ್ಚ್ ಎದ್ದು ನಿಂತಿತ್ತು, 1900ರಲ್ಲಿ ಅದನ್ನ ಕೆಡವಿ ಪುರಾತತ್ವಜ್ಞ ಜಾಕೊಮೊ ಬೋನಿ ಅಗೆಸಿದಾಗಲೇ ಇದು ಮತ್ತೆ ಬೆಳಕು ಕಂಡದ್ದು. ಗೋಡೆ ನೋಡಿ ಅಲ್ಲೇ ವಾಪಸ್ ಬರಬೇಡಿ, ಎಡಗಡೆ ಥಿಯೋಡೋಟಸ್ ಚಾಪೆಲ್ ಅನ್ನೋ ಪುಟ್ಟ ಪ್ರಾರ್ಥನಾ ಕೋಣೆ ಇದೆ. ಶಿಲುಬೆ ಮೇಲಿನ ಕ್ರಿಸ್ತ ಅಲ್ಲಿ ಉದ್ದನೆ ನಿಲುವಂಗಿ ಹಾಕಿದಾನೆ, ಕಣ್ಣೂ ತೆರೆದೇ ಇದೆ. ಅಲ್ಲಿರೋ ಪೋಪ್ ಜಕಾರಿಯಸ್ ತಲೆ ಹಿಂದಿನ ಪ್ರಭಾವಳಿ ಮಾತ್ರ ದುಂಡಗಿಲ್ಲ, ಚೌಕ. ಚಿತ್ರ ಬರೆಯುವಾಗ ಆಸಾಮಿ ಇನ್ನೂ ಬದುಕಿದ್ದ ಅಂತ ಅದರರ್ಥ.